ರಾಣಿಯನ್ನು ಹೊತ್ತ ಬೆನ್ನು

ಗಂಡಸು ಕೊಂದು ಗದ್ದುಗೆ ಹಿಡಿದರೆ ಶೂರ, ಹೆಂಗಸು ಹಿಡಿದರೆ ಮಾಟಗಾತಿ. ಇದು ಅರಮನೆ ಚರಿತ್ರೆಯ ನ್ಯಾಯ. ಸರಿ, ಈ ನ್ಯಾಯವನ್ನು ಒಪ್ಪದ ನಾವು ಆ ಹೆಂಗಸಿನ ಕೊಲೆಗಳನ್ನು ಮಾಫಿ ಮಾಡಿಬಿಡಬೇಕೇನು? ಕಾಶ್ಮೀರದ ದಿದ್ದಾ ರಾಣಿಯ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದು ನಿಲ್ಲಿಸುತ್ತದೆ.

ದಿದ್ದಾ ಲೋಹರದ ಅರಸ ಸಿಂಹರಾಜನ ಮಗಳು. ಕಾಲು ಕುಂಟು. ಗಂಡ ಕ್ಷೇಮಗುಪ್ತ ಬದುಕಿದ್ದಾಗಲೇ ನಾಣ್ಯದ ಮೇಲೆ ಅವನ ಹೆಸರಿಗಿಂತ ಮೊದಲು ಇವಳ ‘ದಿ’ ಅಕ್ಷರ ಬಿತ್ತು. 958ರಲ್ಲಿ ಅವನು ಸತ್ತ. ಚಿತೆ ಏರಲು ಹೊರಟವಳನ್ನು ಮಂತ್ರಿ ನರವಾಹನ ತಡೆದ. ಎಳೆಯ ಮಗ ಅಭಿಮನ್ಯುವನ್ನು ಗದ್ದುಗೆಯ ಮೇಲೆ ಕೂರಿಸಿ ತಾನೇ ರಾಜ್ಯ ನಡೆಸಿದಳು. ಬಂಡೆದ್ದವರ ಮನೆತನಗಳನ್ನೇ ನಿರ್ಮೂಲ ಮಾಡಿದಳು. 972ರಲ್ಲಿ ಮಗನೂ ಸತ್ತ. ಆಮೇಲೆ ಮೂವರು ಮೊಮ್ಮಕ್ಕಳು ಒಬ್ಬರ ಹಿಂದೊಬ್ಬರು ಪಟ್ಟಕ್ಕೆ ಬಂದರು, ಒಬ್ಬರ ಹಿಂದೊಬ್ಬರು ಇಲ್ಲವಾದರು. 980ರ ಸುಮಾರಿಗೆ ತಾನೇ ಪಟ್ಟವೇರಿ 1003ರವರೆಗೆ ಆಳಿದಳು.

ಇದನ್ನೆಲ್ಲ ನಮಗೆ ಹೇಳುವವನು ಕಲ್ಹಣ. ಬ್ರಾಹ್ಮಣ ಪಂಡಿತ, ಮಂತ್ರಿಯ ಮಗ. ಅವಳು ಸತ್ತು ನೂರನಲವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ‘ರಾಜತರಂಗಿಣಿ’ ಬರೆದ. ಮೊಮ್ಮಕ್ಕಳಲ್ಲಿ ಇಬ್ಬರನ್ನು ಮಾಟ ಮಾಡಿಸಿ ಕೊಂದಳು ಅಂತಾನೆ. ಕಲ್ಹಣ ಕೆಟ್ಟ ಅರಸರನ್ನೂ ಸುಮ್ಮನೆ ಬಿಟ್ಟವನಲ್ಲ, ನಿಜ. ಆದರೆ ಅರಸ ಕೆಟ್ಟರೆ ಆ ಒಬ್ಬ ಅರಸ ಕೆಟ್ಟ; ರಾಣಿ ಕೆಟ್ಟರೆ ಹೆಣ್ಣು ಕುಲವೇ ಕೆಟ್ಟದ್ದು! ಈ ಎರಡು ತಕ್ಕಡಿಗಳನ್ನು ನಾವು ಮುರಿಯಲೇಬೇಕು.

ಅವಳು ತುಂಗನನ್ನು ಮೇಲಕ್ಕೆತ್ತಿದ್ದು ಇನ್ನೊಂದು ‘ಅಪರಾಧ’. ಇವನು ಪರ್ಣೋತ್ಸದಿಂದ, ಅಂದರೆ ಇಂದಿನ ಪೂಂಛ್ ಕಡೆಯಿಂದ ಬಂದ ಖಶ. ಎಮ್ಮೆ ಕಾಯುತ್ತಿದ್ದವನು, ಓಲೆ ಹೊತ್ತು ಓಡಾಡುತ್ತಿದ್ದವನು. ಅಂಥವನು ಮುಖ್ಯಮಂತ್ರಿಯಾದ. ರಾಣಿಯ ಸೋದರಳಿಯ ವಿಗ್ರಹರಾಜ ಬ್ರಾಹ್ಮಣರನ್ನು ಆಮರಣ ಉಪವಾಸಕ್ಕೆ ಕೂರಿಸಿದ. ರಾಣಿ ಹೊನ್ನು ಹಂಚಿದಳು, ಉಪವಾಸ ಮುರಿಯಿತು!

ಓದಿ ನಗು ಬರುತ್ತದೆ. ಆದರೆ ಗೆಳೆಯರೇ, ಆ ಹೊನ್ನು ಯಾರ ಬೆವರಿನದು? ಎಮ್ಮೆ ಕಾಯುವವನೊಬ್ಬ ಮಂತ್ರಿಯಾದರೆ, ಎಮ್ಮೆಯ ಹಿಂದೆಯೇ ಉಳಿದವರಿಗೆ ಸಿಕ್ಕಿದ್ದೇನು?

ಕಲ್ಹಣನ ಪುಸ್ತಕದಲ್ಲೇ ಇನ್ನೊಬ್ಬ ಹೆಂಗಸಿದ್ದಾಳೆ. ಹೆಸರು ವಲ್ಗಾ. ನಡೆಯಲಾಗದ ರಾಣಿಯನ್ನು ಬೆನ್ನ ಮೇಲೆ ಹೊರುತ್ತಿದ್ದವಳು. ಅವಳ ಹೆಸರಿನದೊಂದು ಮಠವಿತ್ತು ಅನ್ನುವಷ್ಟಕ್ಕೆ ಅವಳ ಕಥೆ ಮುಗಿಯುತ್ತದೆ. ಬೆನ್ನು ನೋಯುತ್ತಿತ್ತೇ? ಒಲ್ಲೆ ಅನ್ನುವ ಹಕ್ಕಿತ್ತೇ? ಅದು ಯಾರಿಗೂ ಬೇಕಾಗಿರಲಿಲ್ಲ.

ಹೆಣ್ಣು ಅಂತ ದಿದ್ದಾಳನ್ನು ಶಪಿಸುವುದು ಅನ್ಯಾಯ. ಹೆಣ್ಣು ಅಂತಲೇ ಅವಳ ಕೈಯ ರಕ್ತ ತೊಳೆದುಕೊಡುವುದೂ ಅನ್ಯಾಯವೇ. ಕಲ್ಹಣ ಹೊರಿಸಿದ ಸುಳ್ಳನ್ನು ಇಳಿಸೋಣ, ಅವಳು ಮಾಡಿದ್ದನ್ನು ಅವಳ ಲೆಕ್ಕಕ್ಕೇ ಬರೆಯೋಣ. ಗದ್ದುಗೆಯ ಮೇಲೆ ಗಂಡು ಕೂತಿದೆಯೋ ಹೆಣ್ಣು ಕೂತಿದೆಯೋ, ಮೇಲಿನವರೋ ನಮ್ಮವರೋ ಅಂತ ಕೇಳುವುದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ ಅರ್ಧ ಪ್ರಶ್ನೆ. ಯಾರ ಬೆನ್ನ ಮೇಲೆ ಕೂತಿದ್ದಾರೆ, ಆ ಬೆನ್ನಿಗೆ ಇಳಿಸುವ ಹಕ್ಕಿದೆಯೇ ಅನ್ನುವುದು ಉಳಿದರ್ಧ. ವಲ್ಗಾಳ ಪರವಾಗಿ ಅದನ್ನು ಕೇಳಬೇಕಾದವರು ನಾವೇ.