ಪಿಂಡದ ಮುಂದೆ ಕೊಟ್ಟ ಮಾತು

ಅಥಣಿ, ಜಮಖಂಡಿ ಕಡೆ ಕಾಯಿಲೆ ಕೈಮೀರಿದರೆ ಮೊದಲು ಬರುವ ಮಾತು ‘ಮಿರಜಕ್ಕ ಒಯ್ಯರಿ’. ಪ್ರೆಸ್ಬಿಟೇರಿಯನ್ ಮಿಷನರಿ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಮೇಲೆ ಬೆಳೆದ ರೂಢಿ ಇದು. ಹೋದವರೆಲ್ಲ ಗುಣವಾಗಿ ಮರಳುವುದಿಲ್ಲ.

ಒಂದು ಪ್ರಕರಣ ಇಟ್ಟುಕೊಳ್ಳೋಣ. ಮಿರಜದಲ್ಲಿ ತಮ್ಮ ತೀರಿಕೊಂಡ. ತವರಿನವರು ಹಿಂದೂಗಳು, ಅಕ್ಕ ಕ್ರೈಸ್ತಳು. ಹತ್ತನೆಯ ದಿನ ಸಾಂಗಲಿಯ ಕೃಷ್ಣೆಯ ದಡದಲ್ಲಿ ಪಿಂಡ ಇಟ್ಟರು. ಕಾಗೆಗಳು ಬಂದು ಕೂತವು, ಮುಟ್ಟಲಿಲ್ಲ. ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರು ಹಿರಿಯರು. ಕಾಕಾ ಕೈಮುಗಿದು, “ಸಾಲದ ಚಿಂತಿ ಬಿಡಪ್ಪಾ, ನಾ ತೀರಸ್ತೀನಿ” ಅಂದ. ಕಾಗೆ ಕದಲಲಿಲ್ಲ. ಎಲ್ಲರೂ ಅಕ್ಕನ ಕಡೆ ತಿರುಗಿದರು: “ಮಗಳನ್ನ ಓದಸ್ತೀನಿ ಅಂತ ನೀನರ ಒಂದ್ ಮಾತ ಕೊಡವಾ.”

ಆಕೆ ಕೊಡಬಹುದೇ?

ಸತ್ತವರನ್ನು ವಿಚಾರಿಸುವುದನ್ನು ಮೋಶೆಯ ಧರ್ಮಶಾಸ್ತ್ರ ನಿಷೇಧಿಸುತ್ತದೆ. ನವೆಂಬರ್ 2ರಂದು ಮೃತರಿಗಾಗಿ ಪ್ರಾರ್ಥಿಸುವ ಕ್ಯಾಥೋಲಿಕರು ಬೇಡುವುದೂ ದೇವರನ್ನೇ. ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವರು ಆ ಪ್ರಾರ್ಥನೆಯನ್ನೂ ಮಾಡದೆ ಸತ್ತವರನ್ನು ದೇವರ ಕೈಗೆ ಒಪ್ಪಿಸಿಬಿಡುತ್ತಾರೆ. ಕಾಗೆಯ ಮೂಲಕ ಅತ್ತಲಿಂದ ಸುದ್ದಿ ಬರುತ್ತದೆಂದು ಎರಡೂ ಸಭೆಗಳು ಒಪ್ಪುವುದಿಲ್ಲ. ಹಾಗೆಂದು ಆಕೆ ಬಾಯಿ ಬಿಗಿದು ನಿಂತರೆ, ಅಲ್ಲಿದ್ದವರಿಗೆ ಕಾಣುವುದು ಆಕೆಯ ವಿಶ್ವಾಸವಲ್ಲ. ತಮ್ಮನ ಮಗಳ ಕೈ ಬಿಟ್ಟಳು ಎಂಬುದಷ್ಟೇ.

ಲೂಕನ ಸುವಾರ್ತೆಯಲ್ಲಿ ಸತ್ತ ಸಾಹುಕಾರನೊಬ್ಬ ಬರುತ್ತಾನೆ. ಬದುಕಿರುವ ತನ್ನ ಐವರು ಸಹೋದರರನ್ನು ಎಚ್ಚರಿಸಲು, ತನ್ನಂತೆಯೇ ಸತ್ತಿದ್ದ ಬಡವ ಲಾಜರನನ್ನು ಕಳಿಸು ಎಂದು ಅವನು ಅಬ್ರಹಾಮನನ್ನು ಬೇಡುತ್ತಾನೆ. ಅವನ ಕಾಳಜಿ ನಿಜವಾದದ್ದೇ. ಆದರೂ ಅಬ್ರಹಾಮ ಒಪ್ಪುವುದಿಲ್ಲ: ಮಾಡಬೇಕಾದದ್ದು ಅವರಿಗೆ ಆಗಲೇ ತಿಳಿದಿದೆ, ಶಾಸ್ತ್ರ ಅವರ ಕೈಯಲ್ಲೇ ಇದೆ. ನದಿ ದಡದಲ್ಲಿ ನಿಂತವರ ಸ್ಥಿತಿಯೂ ಇದೇ. ಸಾಲ ತೀರಬೇಕು, ಹುಡುಗಿ ಓದಬೇಕು. ಇದನ್ನು ತಿಳಿಸಲು ಕಾಗೆ ಬೇಕಿಲ್ಲ. ಆ ಆಚರಣೆಯ ಒಳ್ಳೆಯ ಅಂಶ ಹತ್ತು ಜನರೆದುರು ಹೊಣೆ ಹೊರಿಸುವುದು. ಅದರ ಕೇಡು ಭಯ: ಯಾರೂ ಕೇಳಲಾರದ ಸತ್ತವನ ಆಸೆಯನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ಹೇಳಬಹುದು, ನಾಳೆ ಹೊಲದ ಪಾಲೂ ಅವನ ಆಸೆಯಾದೀತು.

ಆದ್ದರಿಂದ ಆಕೆ ಮಾತು ಕೊಡಲಿ, ಆದರೆ ಪಿಂಡದ ಕಡೆ ತಿರುಗಿ ಅಲ್ಲ. ಹುಡುಗಿಯ ಕೈ ಹಿಡಿದು, ಎಲ್ಲರಿಗೂ ಕೇಳುವಂತೆ, ದೇವರ ಸಾಕ್ಷಿಯಾಗಿ ಹೇಳಲಿ. ಅದೇ ಹೊತ್ತಿಗೆ ಕಾಗೆ ಮುಟ್ಟಿದರೆ, ತಮ್ಮನೇ ಒಪ್ಪಿದ ಎಂದು ಜನ ಅಂದಾರು. ಅಳುವವರ ನಡುವೆ ವಾದಕ್ಕಿಳಿಯುವ ಅಗತ್ಯವಿಲ್ಲ. ಕೇಳಿದವರಿಗೆ ಆಮೇಲೆ ತನ್ನ ನಂಬಿಕೆ ಹೇಳಿದರಾಯಿತು.

ಕಾಗೆಗೆ ಕೊಟ್ಟ ಮಾತು ಕಾಗೆ ಹಾರಿದೊಡನೆ ತೀರಿತೆಂದು ಅನಿಸಬಹುದು. ಹುಡುಗಿಗೆ ಕೊಟ್ಟದ್ದು ಹಾಗಲ್ಲ. ಪ್ರತಿ ಜೂನ್‌ನಲ್ಲಿ ಸಾಲಿ ಶುರುವಾದಾಗ ಫೀಸು ಕೇಳಲು ಆ ಹುಡುಗಿ ಅತ್ತೆಯ ಬಾಗಿಲಿಗೆ ಬರುತ್ತಾಳೆ.