ಕೇಳಬಹುದೇ?

ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು "ಯಾವೂರಾಯ್ತು? ಮಕ್ಕಳೆಷ್ಟು?" ಎಂದು ಕೇಳದಿದ್ದರೆ ನಮ್ಮ ಕಡೆಯ ಹೆಂಗಸರಿಗೆ ಪ್ರಯಾಣ ಮಾಡಿದಂತೆಯೇ ಅನ್ನಿಸುವುದಿಲ್ಲ. ನಾನೂ ಅದಕ್ಕೆ ಹೊರತಲ್ಲ. ಇಳಿಯುವಷ್ಟರಲ್ಲಿ ಅವರ ಸೊಸೆಯ ತವರಿನವರೆಗೂ ವಿಚಾರಿಸಿಕೊಂಡಿರುತ್ತೇನೆ.

ಪಾಠ ಹೇಳುವವಳಿಗೆ ಕುತೂಹಲವನ್ನು ಬಯ್ಯಲು ಮನಸ್ಸು ಬಾರದು. "ಚಂದ್ರ ಹಗಲಲ್ಲೂ ಯಾಕೆ ಕಾಣ್ತಾನೆ ಟೀಚರ್?" ಎನ್ನುವ ಒಂದು ಮಗುವಿದ್ದರೆ ಇಡೀ ತರಗತಿಗೇ ಕಳೆ.

ಆದರೆ ಒಮ್ಮೆ ನಾನೇ ಎಡವಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಬಂದಿರಲಿಲ್ಲ. ಬಂದ ದಿನ ಎಲ್ಲರೆದುರೇ ಕಾರಣ ಕೇಳಿದೆ. ತಲೆ ತಗ್ಗಿಸಿದಳು. "ಜ್ವರವೇ? ಮದುವೆಗೆ ಹೋಗಿದ್ದೆಯಾ? ಬಾಯಿ ಬಿಟ್ಟು ಹೇಳು" ಎಂದು ಬೆನ್ನುಹತ್ತಿದೆ. "ಅಪ್ಪ ಮನೆ ಬಿಟ್ಟು ಹೋದ್ರು ಟೀಚರ್" ಎಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ವರ್ಷವಿಡೀ ಅವಳು ನನ್ನ ಕಣ್ಣು ತಪ್ಪಿಸಿಯೇ ಓಡಾಡಿದಳು.

ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿ ನೆನಪಾಗುತ್ತಾಳೆ. ಜನಕನ ಸಭೆಯಲ್ಲಿ ಅವಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಾಗ, ಅತಿಯಾಗಿ ಕೇಳಬೇಡ, ತಲೆ ಉರುಳೀತು ಎಂದು ಯಾಜ್ಞವಲ್ಕ್ಯ ಎಚ್ಚರಿಸುತ್ತಾನೆ. ಹುಡುಗಿಯರಿಗೆ ನಾವು ಇಷ್ಟನ್ನೇ ಹೇಳಿ ನಿಲ್ಲಿಸುತ್ತೇವೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೆ ಅವಳು ಮತ್ತೆ ಎದ್ದು, ಇನ್ನೆರಡು ಪ್ರಶ್ನೆ ಕೇಳುತ್ತೇನೆಂದು ಸಭೆಯ ಅಪ್ಪಣೆ ಬೇಡುತ್ತಾಳೆ, ಕೇಳುತ್ತಾಳೆ, ಉತ್ತರವನ್ನೂ ಪಡೆಯುತ್ತಾಳೆ. ಅವಳು ಕೇಳಿದ್ದು ಭೂಮಿ ಆಕಾಶಗಳನ್ನು ಹೊತ್ತಿರುವುದು ಯಾವುದೆಂದು. ಅಂಥದ್ದಕ್ಕೇ ಅಪ್ಪಣೆ ಬೇಡಿದಳು. ನಾನು ಒಂದು ಮಗುವಿನ ಮನೆಯ ಬಾಗಿಲನ್ನು ಅಪ್ಪಣೆಯಿಲ್ಲದೆ ತೆರೆದಿದ್ದೆ.

ಆ ಪೆಟ್ಟಿನಿಂದ ಯಾರನ್ನೂ ಏನೂ ಕೇಳಬಾರದೆಂದುಕೊಂಡೆ. ಪಕ್ಕದ ಮನೆಯ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದಳು. ಅವಳ ಮೊಣಕೈ ಹತ್ತಿರ ಕಂದಿದ ಗುರುತನ್ನು ಎರಡು ಸಲ ಕಂಡೂ ಕಾಣದಂತಿದ್ದೆ. ಅದನ್ನು ಸಭ್ಯತೆಯೆಂದುಕೊಂಡೆ. ರಾತ್ರಿ ಮಲಗಿದಾಗ ಹೊಳೆಯಿತು: ಅದು ಸಭ್ಯತೆಯಲ್ಲ, ತಂಟೆಯೇ ಬೇಡವೆಂಬ ಭಯ.

ಮೂರನೆಯ ಸಲ ಅಡುಗೆಮನೆಯಲ್ಲಿ ಕೂರಿಸಿ, "ಒಂದು ಮಾತು ಕೇಳಬಹುದಾ ಮಗಳೇ? ಹೇಳಬೇಕು ಅನ್ನಿಸಿದರೆ ಹೇಳು, ಇಲ್ಲದಿದ್ದರೆ ಕಾಫಿ ಕುಡಿದು ಹೋಗು" ಎಂದೆ. ಕಾಫಿ ಕುಡಿದು ಎದ್ದು ಹೋದಳು.

ಎರಡು ದಿನ ಬಿಟ್ಟು ಬಂದಳು. ಕೈಯಲ್ಲಿ ಮಜ್ಜಿಗೆಯ ಪಾತ್ರೆ ಇರಲಿಲ್ಲ. ಬಾಗಿಲು ಹಾಕಿ, ಪಕ್ಕದಲ್ಲಿ ಕುಳಿತೆ. ಆ ಸಂಜೆ ನಾನು ಮತ್ತೇನೂ ಕೇಳಲಿಲ್ಲ. ಅವಳು ಹೇಳಿದ್ದಷ್ಟನ್ನೂ ಕೇಳಿಸಿಕೊಂಡೆ.