ದಿನದ ಧಮ್ಮ ಚಿಂತನೆ: ಹಿತ್ತಲಿನ ಉಂಡೆ



ಒಂದು ಬೆಳಿಗ್ಗೆ ನಮ್ಮ ಹಿತ್ತಲ ಹಳೇ ಮಾವಿನ ಮರದ ಕೆಳಗೆ ಹೆಬ್ಬೆರಳು ಗಾತ್ರದ ಬೂದು ಉಂಡೆಗಳು ಬಿದ್ದಿದ್ದವು. ಒಡೆದರೆ ಕೂದಲು, ಸಣ್ಣ ಮೂಳೆ. "ಮಾಟ" ಅಂದರು ಮನೆಯವರು. ಸಂಜೆಯೊಳಗೆ ಪಕ್ಕದ ಮನೆಯ ಒಂಟಿ ಅಕ್ಕನ ಹೆಸರೂ ಬಂತು.

ರಾತ್ರಿ ಟಾರ್ಚ್ ಹಿಡಿದು ಕಾದೆವು. ಪೊಟರೆಯಿಂದ ಕಣಜ ಗೂಬೆ ಹೊರಬಂತು. ಅದು ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು, ಮೂಳೆಯನ್ನು ಉಂಡೆಯಾಗಿ ಕಕ್ಕುತ್ತದೆ. ಅಷ್ಟೇ.

ಕೇಳಿದ್ದನ್ನೆಲ್ಲ ನಂಬದೆ ಪರೀಕ್ಷಿಸಿ ತಿಳಿಯಿರಿ ಎಂದು ಬುದ್ಧರು ಕಾಲಾಮರಿಗೆ ಬೋಧಿಸಿದರು. ಬಾಬಾಸಾಹೇಬರು 1956ರಲ್ಲಿ ಪ್ರಜ್ಞೆಯನ್ನು ಮೂಢನಂಬಿಕೆಗೆ ಎದುರಾದ ತಿಳಿವಳಿಕೆ ಎಂದು ವಿವರಿಸಿದರು. ಊರ ಹೊರಗಿಟ್ಟ ನೋವು ಉಂಡ ನಾವೇ ಒಬ್ಬಳನ್ನು ಹೊರಗಿಡಲು ಹೊರಟಿದ್ದೆವು! ಮರುದಿನ ಹೋಗಿ ಕ್ಷಮೆ ಕೇಳಿದೆವು.

ಇಂದಿನ ಅಭ್ಯಾಸ: ಯಾರದೇ ಹೆಸರು ಹೇಳುವ ಮೊದಲು ಕಣ್ಣಾರೆ ನೋಡೋಣ.

ಭವತು ಸಬ್ಬ ಮಂಗಲಂ.